ಬೆಳೆಯುತ್ತಲೇ ಇದ್ದ ಏಣಿ, ಬೆಳೆಯದ ಪುಟ್ಟಿ

ನಮ್ಮ ಬಟ್ಟೆ ಅಂಗಡಿಯಲ್ಲಿ ಮೊದಲು ಒಂದು ಮರದ ಏಣಿ ಇತ್ತು. ಗೋಡೆಯುದ್ದಕ್ಕೂ ಸೂರಿನವರೆಗೆ ಹಲಗೆ ಹೊಡೆದು ಬಟ್ಟೆಯ ಥಾನುಗಳನ್ನು ಪೇರಿಸಿಟ್ಟಿದ್ದರಿಂದ ಮೇಲಿನ ಎರಡು ಸಾಲಿಗೆ ಏಣಿ ಹತ್ತದೆ ಯಾರ ಕೈಯೂ ಎಟುಕುತ್ತಿರಲಿಲ್ಲ. ಒಂದು ದಿನ ಒಬ್ಬ ಹುಡುಗ ಕೆಲಸ ಕೇಳಿಕೊಂಡು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಯಜಮಾನರು ಏನು ಓದಿದ್ದೀಯ, ಎಲ್ಲಿ ಕೆಲಸ ಮಾಡಿದ್ದೆ ಎಂದು ಒಂದು ಮಾತೂ ಕೇಳಲಿಲ್ಲ. ಮೇಲಿನ ಸಾಲಿನ ನೀಲಿ ಥಾನು ತೋರಿಸಿ ಅದನ್ನು ಇಳಿಸು ಎಂದರು. ಅವನು ಹಿಮ್ಮಡಿ ಕೂಡ ಎತ್ತದೆ ಇಳಿಸಿ ಮೇಜಿನ ಮೇಲಿಟ್ಟ. ಮರುದಿನವೇ ಏಣಿ ಗೋದಾಮಿನ ಮೂಲೆ ಸೇರಿತು, ಅದರ ಹೆಸರು ಇವನಿಗೆ ಅಂಟಿಕೊಂಡಿತು.

ನಾನು ಆ ಅಂಗಡಿಯಲ್ಲಿ ಕತ್ತರಿ ಹಿಡಿದವಳು. ಅವನು ಇಳಿಸಿಕೊಟ್ಟ ಥಾನು ಬಿಚ್ಚಿ, ಅಳೆದು, ಕತ್ತರಿಸಿ ಕೊಡುವುದು ನನ್ನ ಕೆಲಸ. ನನ್ನ ನಾಲಿಗೆಯೂ ಕತ್ತರಿಯೇ ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನೂ ನಷ್ಟವಿಲ್ಲ. ಏಣಿಯನ್ನು ಅಂಗಡಿಗೆ ಬಂದವರೆಲ್ಲ ಛೇಡಿಸುತ್ತಿದ್ದರು. ಮೇಲೆ ಮಳೆ ಶುರುವಾಯಿತಾ ಎಂದು ಕೇಳುವರು, ಅವನು ಕೈ ಚಾಚಿ ನೋಡಿ ಇನ್ನೂ ಇಲ್ಲ, ನಿಮಗೆ ತಲುಪೋದು ತಡವಾಗುತ್ತೆ ಎನ್ನುವನು. ಮಾತಿಗೆ ಮಾತು ಕೊಡುವ, ಯಾರ ಮೇಲೂ ಮುಖ ಸಿಂಡರಿಸದ ಹುಡುಗ. ಆಗ ಅವನಿಗೆ ಇಪ್ಪತ್ತು ಮುಗಿದಿತ್ತು. ಗಂಡು ಮಕ್ಕಳ ಬೆಳವಣಿಗೆ ಅಷ್ಟು ಹೊತ್ತಿಗೆ ನಿಂತಿರುತ್ತದೆ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು.

ಇವನದು ನಿಂತಿರಲಿಲ್ಲ. ಅದನ್ನು ಮೊದಲು ಕಂಡುಹಿಡಿದವನು ಮಹಡಿಯ ಮೇಲಿನ ಟೈಲರ್. ಅಂಗಡಿಯ ಆಳುಗಳಿಗೆಲ್ಲ ಯಜಮಾನರು ವರ್ಷಕ್ಕೊಂದು ಜೊತೆ ಬಟ್ಟೆ ಹೊಲಿಸಿಕೊಡುವುದು ರೂಢಿ. ಎರಡನೇ ವರ್ಷ ಏಣಿಯ ಪ್ಯಾಂಟಿನ ಅಳತೆ ತೆಗೆದ ಟೈಲರ್, ಹೋದ ವರ್ಷದ ಅಳತೆ ತಪ್ಪು ಬರೆದುಕೊಂಡಿದ್ದೇನೆ ಎಂದು ನಾಲಿಗೆ ಕಚ್ಚಿಕೊಂಡ. ಮೂರನೇ ವರ್ಷ ಮತ್ತೆ ಹೆಚ್ಚು ಬಂತು. ಆಗ ಅವನು ಟೇಪಿನ ಮೇಲೆ ಕೋಪ ಮಾಡಿಕೊಂಡ. ನೀರಿನಲ್ಲಿ ನೆನೆದು ಟೇಪು ಕುಗ್ಗಿದೆ, ಅದಕ್ಕೇ ಅಳತೆ ಹೆಚ್ಚು ತೋರಿಸುತ್ತಿದೆ ಎಂದು ಅದನ್ನು ಎಸೆದು ಹೊಸದು ತಂದ. ಹೊಸದೂ ಅದನ್ನೇ ಹೇಳಿತು. ಅದು ನಕಲಿ ಮಾಲು ಎಂದು ಮತ್ತೊಂದು ತಂದ. ಕೊನೆಗೆ ನನ್ನ ಮೇಜಿನ ಕಬ್ಬಿಣದ ಗಜಕೋಲು ಒಯ್ದು ಅವನ ಕಾಲಿಗೆ ಹಿಡಿದು ನೋಡಿ, ಪೆಚ್ಚಾಗಿ ತಂದಿಟ್ಟ. ನಾವು ಬಿದ್ದು ಬಿದ್ದು ನಕ್ಕೆವು. ಏಣಿಯೂ ನಕ್ಕ. ಒಬ್ಬರಿಗೂ ಇದು ನಗುವ ವಿಷಯವಲ್ಲ ಎಂದು ಹೊಳೆಯಲಿಲ್ಲ. ಅಂದಿನಿಂದ ಟೈಲರ್ ಅವನ ಪ್ಯಾಂಟಿನ ಅಂಚಿನಲ್ಲಿ ಅಗಲವಾದ ಮಡಿಕೆ ಬಿಟ್ಟು ಹೊಲಿಯತೊಡಗಿದ, ಬಿಚ್ಚಿಕೊಳ್ಳಲು ಅನುಕೂಲವಾಗಲಿ ಎಂದು.

ಏಣಿಯ ಮನೆ ನಮ್ಮ ಬೀದಿಯಲ್ಲೇ, ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪ ಬಹಳ ಹಿಂದೆಯೇ ತೀರಿಕೊಂಡಿದ್ದ. ತಾಯಿ ಶಾಲೆಯೊಂದರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ತಂಗಿಯನ್ನು ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ಹೆಸರಿಗೆ ಪುಟ್ಟಿಯೇ ಹೊರತು ಅವಳೂ ಎತ್ತರದ ಹುಡುಗಿ, ನನ್ನ ತಲೆ ಅವಳ ಭುಜಕ್ಕೆ ಬರುತ್ತಿತ್ತು. ಆದರೆ ಮೈ ಮಾತ್ರ ಹತ್ತು ವರ್ಷದ ಹುಡುಗಿಯ ಮೈ. ಎದೆ ಬೆಳೆದಿರಲಿಲ್ಲ, ಮುಟ್ಟಾಗಿರಲಿಲ್ಲ. ಓರಗೆಯ ಹುಡುಗಿಯರು ಮದುವೆಯ ಮಾತಿಗೆ ಬಂದರೂ ಇವಳು ಅಣ್ಣನ ಹಳೇ ಅಂಗಿ ಹಾಕಿಕೊಂಡು ಓಡಾಡುತ್ತಿದ್ದಳು. ಹೊಟ್ಟೆ ನೋವು ಎಂದು ಆಗಾಗ ಮುದುರಿಕೊಂಡು ಮಲಗುವಳು.

ತಾಯಿ ಹತ್ತಿರದ ಒಬ್ಬ ಡಾಕ್ಟರಿಗೆ ತೋರಿಸಿದಳು. ಆತ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಹೆಣ್ಣಿನ ಹಾರ್ಮೋನು ಸಾಲದು, ಮಾತ್ರೆ ಕೊಡುತ್ತೇನೆ, ಆರು ತಿಂಗಳಲ್ಲಿ ಎಲ್ಲ ಸರಿಹೋಗುತ್ತೆ ಎಂದ. ರಕ್ತ ಪರೀಕ್ಷೆ ಗಿರೀಕ್ಷೆ ಒಂದೂ ಇಲ್ಲ. ಆರು ತಿಂಗಳಾಯಿತು, ಒಂದು ವರ್ಷವಾಯಿತು, ಏನೂ ಆಗಲಿಲ್ಲ. ಡಾಕ್ಟರ್ ಮಾತ್ರೆ ಹೆಚ್ಚಿಸಿದ. ಆಗಲೂ ಏನೂ ಆಗದಿದ್ದಾಗ ಹುಡುಗಿ ಸರಿಯಾಗಿ ನುಂಗುತ್ತಿದ್ದಾಳೋ ಇಲ್ಲವೋ ನೋಡಿಕೊಳ್ಳಿ ಎಂದು ಒಂದು ಮಾತು ಎಸೆದ. ತನ್ನ ಔಷಧಿ ತಪ್ಪಿರಬಹುದು ಎಂದು ಅಂಥವರಿಗೆ ಕನಸಿನಲ್ಲೂ ಹೊಳೆಯುವುದಿಲ್ಲ.

ಅದೇ ವಾರ ತಾಯಿಗೆ ಬಚ್ಚಲ ಮೂಲೆಯಲ್ಲಿ ಒಂದು ಮಾತ್ರೆ ಸಿಕ್ಕಿತು. ಬೆಳಗ್ಗೆ ವಾಕರಿಕೆ ಬಂದು ವಾಂತಿಯಾಯಿತು, ಅದರ ಜೊತೆ ಬಿದ್ದಿರಬೇಕು ಎಂದು ಪುಟ್ಟಿ ಹೇಳಿದಳು. ಮಾತ್ರೆಯ ಪ್ರಮಾಣ ಹೆಚ್ಚಿದ ಮೇಲೆ ವಾಕರಿಕೆ ನಿಜವಾಗಿಯೂ ಇತ್ತು, ನಾನೇ ನೋಡಿದ್ದೇನೆ. ತಾಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಪುಟ್ಟಿ ಸುಳ್ಳಿಯಾದಳು. ದಿನಾ ಬೆಳಗ್ಗೆ ಮಾತ್ರೆ ನುಂಗಿ ಬಾಯಿ ತೆರೆದು ತೋರಿಸಬೇಕು, ನಾಲಿಗೆ ಎತ್ತಿ ತೋರಿಸಬೇಕು. ತಾಯಿ ಕೆಲಸಕ್ಕೆ ಬೇಗ ಹೋದ ದಿನ ಆ ಪಾಳಿ ಅಣ್ಣನದು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನು ಆಡುತ್ತೇನೆ. ಬೆಳೆದ ಹುಡುಗಿಯ ಬಾಯೊಳಗೆ ಇಣುಕಿ ನೋಡುವುದು ಯಾವ ತಾಯ್ತನ? ಆದರೆ ಆ ಹೆಂಗಸಿನ ಹೆದರಿಕೆಯೂ ನನಗೆ ಗೊತ್ತಿತ್ತು. ತಾನು ಕಣ್ಣು ಮುಚ್ಚಿದರೆ ಈ ಹುಡುಗಿಗೆ ಯಾರು ಗತಿ ಎಂದು ಅವಳು ಒಳಗೊಳಗೇ ಬೇಯುತ್ತಿದ್ದಳು. ಮಗಳಿಗೆ ಹೆಣ್ಣಾಗಲು ಇಷ್ಟವಿಲ್ಲ, ಬೇಕಂತಲೇ ಮಾಡುತ್ತಿದ್ದಾಳೆ ಎಂದು ತೀರ್ಮಾನಿಸಿಬಿಟ್ಟಿದ್ದಳು.

ಬೇಕಂತಲೇ! ಒಂದು ದಿನ ಪುಟ್ಟಿ ನನ್ನನ್ನು ಹುಡುಕಿಕೊಂಡು ಅಂಗಡಿಗೆ ಬಂದು, ಗೋದಾಮಿನಲ್ಲಿ ಥಾನುಗಳ ನಡುವೆ ನಿಂತು, ನಿಮಗೆ ಎಷ್ಟನೇ ವಯಸ್ಸಿಗೆ ಶುರುವಾಯಿತು ಅಕ್ಕ ಎಂದು ಕೇಳಿದಳು. ನಾನು ಹೇಳಿದೆ. ಬೆರಳಲ್ಲಿ ಲೆಕ್ಕ ಹಾಕಿದಳು. ಅದು ಅವಳಿಗೆ ಎಷ್ಟು ಬೇಕಾಗಿತ್ತು ಎಂಬುದು ಆ ಬೆರಳುಗಳನ್ನು ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ನಾನು ಬಾ, ಬೇರೆ ಡಾಕ್ಟರಿಗೆ ತೋರಿಸೋಣ ಎಂದೆ. ಅಮ್ಮ ಬಿಡುವುದಿಲ್ಲ, ಮೊದಲು ನಾನು ನುಂಗುತ್ತಿದ್ದೇನೆ ಎಂದು ಅವಳು ನಂಬಲಿ, ಆಮೇಲೆ ಎಂದಳು. ಅವಳಿಗೆ ಮೈ ನೆಟ್ಟಗಾಗುವುದಕ್ಕಿಂತ ಅದೇ ಮುಖ್ಯವಾಗಿತ್ತು.

ತಾಯಿ ನಂಬುವ ಮೊದಲೇ ಹೋದಳು. ಹಾಸ್ಟೆಲಿನ ಒಲೆ ಮುಂದೆ ಎದೆ ಹಿಡಿದುಕೊಂಡು ಕುಸಿದವಳು ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು. ಕೊನೆಗಳಿಗೆಯಲ್ಲಿ ಪರದೆಯ ಒಳಗೆ ಹಾಸಿಗೆಯ ಪಕ್ಕ ಇದ್ದವನು ಏಣಿ ಒಬ್ಬನೇ. ಬಿಸಿನೀರು ತರಲು ಹೋಗಿದ್ದ ಪುಟ್ಟಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದೇ ನಾವು ತಿಳಿದುಕೊಂಡಿದ್ದೆವು. ತಾಯಿ ಹೋದ ಮೇಲೂ ಬೆಳಗಿನ ಮಾತ್ರೆ ನಿಲ್ಲಲಿಲ್ಲ, ಬಾಯಿ ನೋಡುವುದೂ ನಿಲ್ಲಲಿಲ್ಲ. ಏಣಿಯಂಥ ಮೃದು ಮನಸ್ಸಿನವನು ಅದೊಂದರಲ್ಲಿ ಕಲ್ಲಾಗಿದ್ದ. ಸಾಕು ಬಿಡೋ ಎಂದು ನಾನು ಗದರಿಸಿದರೆ, ಅಮ್ಮನ ಜಾಗದಲ್ಲಿ ಈಗ ನಾನೇ ಅಲ್ಲವಾ ಎನ್ನುತ್ತಿದ್ದ. ಅವಳು ಅಳದೆ, ಎದುರಾಡದೆ, ಬಾಯಿ ತೆರೆದು ತೋರಿಸಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಏಣಿಗೆ ಇಪ್ಪತ್ತೆಂಟು ನಡೆಯುತ್ತಿದ್ದಾಗ ಒಬ್ಬಳು ಗಿರಾಕಿ ಪರದೆ ಬಟ್ಟೆ ಕೇಳಿದಳು. ಥಾನು ಮೇಲಿನ ಸಾಲಿನಲ್ಲಿತ್ತು. ಅವನು ಎಂದಿನಂತೆ ಕೈ ಎತ್ತಿ ಎಳೆದ. ಒಣ ಕಡ್ಡಿ ಮುರಿದಂಥ ಸದ್ದು ನನ್ನ ಮೇಜಿನವರೆಗೂ ಕೇಳಿಸಿತು. ಥಾನು ಕೆಳಗೆ ಬಿತ್ತು, ಅವನ ಮೊಣಕೈಯ ಕೆಳಗೆ ತೋಳು ವಕ್ರವಾಗಿ ಜೋತಾಡುತ್ತಿತ್ತು. ಅಂಥ ಥಾನನ್ನು ನಾನೇ ಎಷ್ಟು ಸಲ ಎತ್ತಿಟ್ಟಿಲ್ಲ! ಇಷ್ಟು ದೊಡ್ಡ ಆಳು, ಇಷ್ಟಕ್ಕೇ ಮುರಿಯಿತಾ ಎಂದು ಯಜಮಾನರು ಬೆರಗಾದರು. ನಾನು ಅವನನ್ನು ಕರೆದುಕೊಂಡು ದೊಡ್ಡಾಸ್ಪತ್ರೆಗೆ ಓಡಿದೆ.

ಮೂಳೆ ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಅವನ ವಯಸ್ಸೆಷ್ಟು ಎಂದು ಎರಡೆರಡು ಸಲ ಕೇಳಿದರು. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಒಂದು ಸಂದು ಇರುತ್ತದಂತೆ, ಮೂಳೆ ಉದ್ದವಾಗುವುದು ಅಲ್ಲಿಂದಲೇ. ಪ್ರಾಯಕ್ಕೆ ಬಂದ ಮೇಲೆ ಅದು ಮುಚ್ಚಿಕೊಂಡು ಬೆಳವಣಿಗೆ ನಿಲ್ಲಬೇಕು. ಇವನದು ಮುಚ್ಚಿಯೇ ಇರಲಿಲ್ಲ. ಮೇಲಾಗಿ ಮೂಳೆ ಅರವತ್ತು ದಾಟಿದ ಹೆಂಗಸಿನ ಮೂಳೆಯ ಹಾಗೆ ಟೊಳ್ಳಾಗಿತ್ತು. ತೋಳಿಗೆ ಪಟ್ಟಿ ಹಾಕಿ ಅವರು ನಮ್ಮನ್ನು ಅದೇ ಆಸ್ಪತ್ರೆಯ ಹಾರ್ಮೋನ್ ಡಾಕ್ಟರಮ್ಮನ ಬಳಿ ಕಳಿಸಿದರು.

ಡಾಕ್ಟರಮ್ಮ ಕಡಿಮೆ ಮಾತಿನವರು, ಆದರೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವವರು. ಅಪ್ಪ ಅಮ್ಮ ಮೊದಲೇ ನೆಂಟರಾ ಎಂದು ಕೇಳಿದರು. ಇಬ್ಬರಿಗೂ ಅಜ್ಜ ಒಬ್ಬರೇ ಎಂದ ಏಣಿ. ಒಡಹುಟ್ಟಿದವರು ಎಂದಾಗ, ಒಬ್ಬಳು ತಂಗಿ, ಚೆನ್ನಾಗಿದ್ದಾಳೆ ಎಂದುಬಿಟ್ಟ. ನನಗೆ ಮೈ ಉರಿದುಹೋಯಿತು. ಅವಳ ವಿಷಯವನ್ನೆಲ್ಲ ನಾನೇ ಹೇಳಿದೆ. ಮನೆಯ ಮಾನ ಬೀದಿಗೆ ತಂದೆ ಎಂಬಂತೆ ಅವನು ನನ್ನತ್ತ ನೋಡಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ನಾಳೆಯೇ ಆ ಹುಡುಗಿಯನ್ನು ಕರೆದುಕೊಂಡು ಬನ್ನಿ ಎಂದರು.

ಪುಟ್ಟಿ ಪರೀಕ್ಷೆಯ ಕೋಣೆಯೊಳಗೆ ನನ್ನ ಕೈ ಬಿಡಲಿಲ್ಲ. ಹೊಟ್ಟೆಯ ಸ್ಕ್ಯಾನಿನಲ್ಲಿ ಅಂಡಾಶಯಗಳು ನೀರುಗುಳ್ಳೆ ತುಂಬಿಕೊಂಡು ಊದಿದ್ದು ಕಂಡಿತು. ಇದು ತಿರುಚಿಕೊಂಡಾಗಲೆಲ್ಲ ಜೀವ ಹೋಗುವಷ್ಟು ನೋವಾಗಿರಬೇಕಲ್ಲ, ಯಾಕೆ ಹೇಳಲಿಲ್ಲ ಎಂದು ಡಾಕ್ಟರಮ್ಮ ಕೇಳಿದರು. ಹೇಳಿದ್ದೆ ಎಂದಳು ಪುಟ್ಟಿ. ಇಬ್ಬರ ರಕ್ತವನ್ನೂ ತೆಗೆದುಕೊಂಡರು. ವರದಿ ಬಂದ ದಿನ ನಾವು ಮೂವರೂ ಅವರ ಎದುರು ಕುಳಿತೆವು. ಏಣಿಯ ಮೊಣಕಾಲು ಮೇಜಿನ ಅಡಿಗೆ ಹಿಡಿಸದೆ ಅವನು ಕುರ್ಚಿಯನ್ನು ಗೋಡೆಗೆ ಒತ್ತಿಕೊಂಡು ಕೂತಿದ್ದ.

ಈಸ್ಟ್ರೋಜನ್ ಎನ್ನುವ ಹಾರ್ಮೋನನ್ನು ಎಲ್ಲರೂ ಹೆಂಗಸರದು ಎನ್ನುತ್ತಾರೆ, ಆದರೆ ಗಂಡಸರಿಗೂ ಅದು ಬೇಕು ಎಂದು ಡಾಕ್ಟರಮ್ಮ ಶುರುಮಾಡಿದರು. ಗಂಡು ಹುಡುಗನ ಮೂಳೆಗೆ ಬೆಳೆದದ್ದು ಸಾಕು, ನಿಲ್ಲು, ಗಟ್ಟಿಯಾಗು ಎಂದು ಹೇಳುವುದೂ ಅದೇ. ರಕ್ತದಲ್ಲಿ ಅದು ಮೈಯೆಲ್ಲ ಸುತ್ತುತ್ತದೆ, ಆದರೆ ಸುತ್ತಿದರಷ್ಟೇ ಸಾಲದು. ಮೂಳೆ, ಎದೆ, ಗರ್ಭಕೋಶ, ಮಿದುಳು, ರಕ್ತನಾಳ, ಎಲ್ಲ ಕಡೆಯೂ ಅದರ ಮಾತು ಕೇಳಿಸಿಕೊಳ್ಳಲು ರಿಸೆಪ್ಟರ್ ಎಂಬ ಒಂದೊಂದು ಕಿವಿ ಇರುತ್ತದೆ. ಎದೆಯಲ್ಲಿರುವ ಕಿವಿ ಕೇಳಿಸಿಕೊಂಡರೆ ಎದೆ ಬೆಳೆಯುತ್ತದೆ, ಗರ್ಭಕೋಶದ್ದು ಕೇಳಿಸಿಕೊಂಡರೆ ಮುಟ್ಟಾಗುತ್ತದೆ. ಹಾರ್ಮೋನು ಒಂದೇ, ಒಂದೊಂದು ಕಡೆ ಒಂದೊಂದು ಕೆಲಸ.

ನನಗೆ ಆಗಷ್ಟೇ ಮುಟ್ಟು ನಿಂತಿದ್ದ ಕಾಲ. ಅವರು ಹೇಳುತ್ತಿದ್ದಾಗಲೇ ಒಳಗೆ ಒಲೆ ಹೊತ್ತಿಸಿದಂತಾಗಿ ಕುತ್ತಿಗೆಯಿಂದ ಬೆವರಿಳಿಯಿತು, ಅಲ್ಲಿದ್ದ ಕಾಗದದಲ್ಲಿ ಗಾಳಿ ಹಾಕಿಕೊಂಡೆ. ಡಾಕ್ಟರಮ್ಮ ನನ್ನನ್ನು ನೋಡಿ, ನಿಮ್ಮಲ್ಲಿ ಹಾರ್ಮೋನು ಬರುವುದು ಕಡಿಮೆಯಾಗಿದೆ, ಕಿವಿ ಚೆನ್ನಾಗಿದೆ, ದಿಕ್ಕು ತೋಚದೆ ಹೀಗೆ ಗಲಾಟೆ ಮಾಡುತ್ತದೆ ಎಂದರು. ಇವರಿಬ್ಬರದು ತಿರುಗಾಮುರುಗ. ಹುಟ್ಟಿನಿಂದಲೇ ಇಬ್ಬರಲ್ಲೂ ಆ ಕಿವಿ ಕೆಟ್ಟಿದೆ. ಇಂಥ ಕುಟುಂಬಗಳು ಇಡೀ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು.

"ರಕ್ತದಲ್ಲಿ ಹಾರ್ಮೋನು ತುಂಬಿ ತುಳುಕ್ತಾ ಇದೆ," ಎಂದು ಅವರು ಪುಟ್ಟಿಯ ಕಡೆ ತಿರುಗಿದರು. "ನಿನ್ನ ಮೈಯದೂ ಇದೆ, ಮಾತ್ರೆದೂ ಇದೆ. ನೀನು ದಿನಾ ಸರಿಯಾಗಿ ನುಂಗಿದ್ದೀಯ ಕಣಮ್ಮ. ಆದ್ರೆ ಈ ಮಾತ್ರೆಯಿಂದ ನಿನಗೆ ಏನೂ ಆಗ್ತಿರ್ಲಿಲ್ಲ."

ಇನ್ನೂ ಹೆಚ್ಚು ಕೊಟ್ಟರೆ ಎಂದು ಪುಟ್ಟಿ ಕೇಳಿದಳು. ಕೆಟ್ಟ ಕಿವಿಯ ಮುಂದೆ ಎಷ್ಟು ಕೂಗಿದರೂ ಅಷ್ಟೇ ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ಎದೆ ಬೆಳೆಯುವುದಿಲ್ಲ, ಮಕ್ಕಳಾಗುವುದಿಲ್ಲ. ನೋವಿಗೆ, ಆ ಗುಳ್ಳೆಗಳಿಗೆ ಬೇರೆ ಔಷಧಿ ಕೊಡುತ್ತೇನೆ, ಪೂರ್ತಿ ಹೋಗುತ್ತದೆಂದು ಹೇಳಲಾರೆ, ನೋವು ಜೋರಾದರೆ ಮಾತ್ರ ತಡಮಾಡದೆ ಓಡಿಬರಬೇಕು, ಅಂಡಾಶಯ ತಿರುಚಿಕೊಂಡೇ ಉಳಿದರೆ ಜೀವಕ್ಕೆ ಅಪಾಯ ಎಂದರು. ಏಣಿಗೆ ಮೂಳೆಯ ಔಷಧಿ, ಇನ್ನು ಭಾರ ಎತ್ತುವಂತಿಲ್ಲ, ರಕ್ತನಾಳಗಳ ಮೇಲೂ ಒಂದು ಕಣ್ಣಿಟ್ಟಿರಬೇಕು. ಎಲ್ಲವನ್ನೂ ಮುಚ್ಚುಮರೆ ಇಲ್ಲದೆ, ಕಡ್ಡಿ ಮುರಿದ ಹಾಗೆ ಹೇಳಿದರು. ಮುಖ ನೋಡಿದರೆ ಅವರಿಗೂ ಸಂಕಟವಾಗಿತ್ತು. ಪುಟ್ಟಿ ಎಲ್ಲಕ್ಕೂ ತಲೆ ಆಡಿಸಿದಳು. ನನಗೆ ಅಲ್ಲೇ ಅಳು ಬಂತು, ತಡೆದುಕೊಳ್ಳಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಔಷಧಿಗಾಗಿ ಕಾಯುತ್ತ ಬೆಂಚಿನ ಮೇಲೆ ಕೂತೆವು. ಏಣಿ ಕೂರಲಿಲ್ಲ. ಪಟ್ಟಿ ಹಾಕಿದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ತಂಗಿಯ ಎದುರು ನಿಂತಿದ್ದ. ತಂಗಿಗೆ ಏನಾದರೂ ಸಮಾಧಾನ ಹೇಳಬೇಕಿತ್ತು. ಕೊನೆಗೆ ಬಾಯಿಬಿಟ್ಟ.

"ಅಮ್ಮ ಕೊನೇಲಿ ನಂಬಿದ್ಲು ಪುಟ್ಟಿ. ಆಸ್ಪತ್ರೇಲಿ ಹೇಳಿದ್ಲು. ನನ್ನ ಮಗಳು ಸುಳ್ಳು ಹೇಳೋಳಲ್ಲ, ನಾನೇ ತಪ್ಪು ತಿಳ್ಕೊಂಡೆ ಅಂದ್ಲು."

ಒಂದು ಕ್ಷಣ ನಾನೂ ಅದನ್ನು ನಂಬಿ, ದೇವರು ದೊಡ್ಡವನು ಎಂದುಕೊಂಡೆ. ಪುಟ್ಟಿ ತಲೆಯೆತ್ತಿ ಅಣ್ಣನನ್ನು ನೋಡಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ.

"ನಾನು ಬಿಸಿನೀರು ತಂದು ಪರದೆ ಆಚೆನೇ ನಿಂತಿದ್ದೆ ಅಣ್ಣ. ಎಲ್ಲ ಕೇಳಿಸ್ತು. ಅವಳು ಮಾತ್ರೆ ಉಗೀತಾಳೆ, ಬಾಯಿ ನೋಡದೆ ಬಿಡಬೇಡ ಅಂತ ನಿನ್ನ ಹತ್ರ ಮಾತು ತಗೊಂಡ್ಲು. ನೀನು ಆಗಲಿ ಅಂದೆ."

ಏಣಿಯ ಮುಖ ಬಿಳಿಚಿಕೊಂಡಿತು. ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಅವಳು ಅಷ್ಟು ದಿನ ಬೆಳಗ್ಗೆ ಬೆಳಗ್ಗೆ ಅವನ ಮುಂದೆ ಬಾಯಿ ತೆರೆದಿದ್ದಳು. ಅವನು ನೆಲದ ಮೇಲೆ ಕುಕ್ಕರಿಸಿದ. ಹಾಗೆ ಕೂತಾಗಲೇ ಅವನ ಮುಖ ಅವಳ ಮುಖದ ಮಟ್ಟಕ್ಕೆ ಬರುತ್ತಿದ್ದದ್ದು. ಈಗ ನಂಬುತ್ತೇನೆ ಪುಟ್ಟಿ, ನೀನು ಹೇಳಿದ್ದೇ ನಿಜವಾಗಿತ್ತು ಎಂದು ತೊದಲಿದ.

"ನೀನು ನಂಬಿದ್ದು ರಿಪೋರ್ಟನ್ನ," ಎಂದಳು ಅವಳು. "ನನ್ನನ್ನಲ್ಲ."

ಅಷ್ಟರಲ್ಲಿ ಔಷಧಿಯ ಕಿಟಕಿಯಲ್ಲಿ ಕರೆದರು. ಅವಳೇ ಎದ್ದು ಹೋಗಿ ಇಬ್ಬರ ಔಷಧಿಯನ್ನೂ ತೆಗೆದುಕೊಂಡು ಬಂದು, ಅಣ್ಣನದು ಯಾವುದು, ಯಾವಾಗ ತೆಗೆದುಕೊಳ್ಳಬೇಕು ಎಂದು ವಿವರಿಸಿ ಅವನ ಜೇಬಿನಲ್ಲಿಟ್ಟಳು.

ಇದಾಗಿ ಎರಡು ವರ್ಷವಾಯಿತು. ಏಣಿಯ ತೋಳು ಬಹಳ ನಿಧಾನವಾಗಿ ಕೂಡಿಕೊಂಡಿತು. ಯಜಮಾನರು ಅವನನ್ನು ಗಲ್ಲಾಪೆಟ್ಟಿಗೆಯ ಪಕ್ಕ ಬಿಲ್ಲು ಬರೆಯಲು ಕೂರಿಸಿದ್ದಾರೆ. ಕೆಲಸದಿಂದ ತೆಗೆಯದೆ ಇದ್ದರಲ್ಲ, ಆ ಮಟ್ಟಿಗೆ ಅವರ ಹೊಟ್ಟೆ ತಣ್ಣಗಿರಲಿ. ಅವನನ್ನು ಈಗ ಯಾರೂ ಛೇಡಿಸುವುದಿಲ್ಲ, ಅವನೂ ನಗಿಸುವುದಿಲ್ಲ. ಅಣ್ಣ ತಂಗಿ ಒಂದೇ ಮನೆಯಲ್ಲಿದ್ದಾರೆ. ಅವಳು ಅಡುಗೆ ಮಾಡಿ ಬಡಿಸುತ್ತಾಳೆ, ಅವನ ಅಂಗಿಯ ಗುಂಡಿ ಹಚ್ಚುತ್ತಾಳೆ, ಬೀದಿಯಲ್ಲಿ ಕಲ್ಲು ಎಡವದಂತೆ ಕೈ ಹಿಡಿದು ನಡೆಸುತ್ತಾಳೆ. ಜಗಳವಿಲ್ಲ, ಮುನಿಸಿಲ್ಲ. ಮುನಿಸಾದರೂ ಇದ್ದಿದ್ದರೆ ಮುಗಿಯುವ ದಿನ ಬರುತ್ತಿತ್ತು.

ಅವನು ಮನಸ್ಸಿನಲ್ಲಿ ಒಂದು ನಿಶ್ಚಯ ಮಾಡಿಕೊಂಡಿದ್ದಾನೆ. ಇನ್ನು ಮೇಲೆ ತಂಗಿ ಏನೇ ಹೇಳಲಿ, ಅನುಮಾನಿಸುವುದಿಲ್ಲ, ಎರಡನೇ ಸಲ ಕೇಳುವುದಿಲ್ಲ. ಅದನ್ನು ನನಗೇ ಹೇಳಿ, ಅಷ್ಟಾದರೂ ಮಾಡುತ್ತೇನೆ ಅಕ್ಕ ಎಂದು ಕಣ್ಣೊರೆಸಿಕೊಂಡಿದ್ದ. ಅವಳಿಗೆ ಹೊಸ ಔಷಧಿಯಿಂದ ನೋವು ಕಡಿಮೆಯಾಗಿದೆಯೇ ಹೊರತು ಹೋಗಿಲ್ಲ. ಬಂದಾಗ ಜೋರಾಗಿಯೇ ಬರುತ್ತದೆ. ಆಗ ಅವಳು ನಮ್ಮ ಮನೆಗೆ ಬಂದು ನನ್ನ ಮಂಚದ ಮೇಲೆ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗುತ್ತಾಳೆ. ನಿನ್ನಣ್ಣನಿಗೆ ಹೇಳುತ್ತೇನೆ, ಆಸ್ಪತ್ರೆಗೆ ಹೋಗೋಣ ಎಂದರೆ ನನ್ನ ಕೈ ಹಿಡಿದುಕೊಂಡು ಬೇಡ ಎನ್ನುತ್ತಾಳೆ. ಹೇಳಿ ಸಾಕಾಗಿದೆ ಅಕ್ಕ ಎನ್ನುತ್ತಾಳೆ.

ಮೊನ್ನೆಯೂ ಬಂದಿದ್ದಳು. ಸಂಜೆ ಅಂಗಡಿಯಿಂದ ಏಣಿ ನೇರ ನಮ್ಮ ಮನೆಗೆ ಬಂದು, ಬಾಗಿಲಲ್ಲಿ ಬಾಗಿ, ಇಲ್ಲಿದ್ದೀಯಾ ಪುಟ್ಟಿ, ನೋವಾ ಎಂದು ಕೇಳಿದ. ಅವಳು ಎದ್ದು ಕೂತು ತಲೆಗೂದಲು ಸರಿಮಾಡಿಕೊಂಡಳು. ಹಣೆಯ ಬೆವರು ಇನ್ನೂ ಆರಿರಲಿಲ್ಲ.

"ಇಲ್ಲ ಅಣ್ಣ. ಅಕ್ಕನ ಜೊತೆ ಮಾತಾಡ್ತಾ ಕೂತಿದ್ದೆ."

ಅವನು ಆ ಬೆವರನ್ನು ನೋಡಿದ. ನನ್ನನ್ನು ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ, ಸರಿ ಪುಟ್ಟಿ ಎಂದು ಅವಳ ಮಾತನ್ನು ನಂಬಿ ಮನೆಗೆ ಹೊರಟುಹೋದ.